ಬೆಣ್ಣೆಯ ಹದ ಸಿಕ್ಕರೆ ಕಪ್‌ಕೇಕ್, ಕುಕೀಸ್ ಎರಡೂ ಸಲೀಸು

ಕಪ್‌ಕೇಕ್ ಗಟ್ಟಿಯಾಯಿತು, ಕುಕೀಸ್ ಹರಡಿಕೊಂಡು ಒಂದಕ್ಕೊಂದು ಅಂಟಿತು, ಐಸಿಂಗ್ ಜಾರಿ ಕೆಳಗಿಳಿಯಿತು. ಮೂರಕ್ಕೂ ಓವನ್‌ಗೇ ಬೈಗುಳ. ಓವನ್ ಕೈಕೊಡುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಮೊದಲು ಬೆಣ್ಣೆಯನ್ನು ವಿಚಾರಿಸಿಕೊಳ್ಳಿ. ಕೇಕ್‌ಗೆ ಬೆಣ್ಣೆ ಮೆತ್ತಗಿರಬೇಕು. ಕುಕೀಸ್ ಹಿಟ್ಟು ಓವನ್ ಒಳಗೆ ಹೋಗುವಾಗ ತಣ್ಣಗಿರಬೇಕು. ಐಸಿಂಗ್‌ಗೆ ಮೆತ್ತಗೂ ಆಗಬೇಕು, ಕರಗಲೂಬಾರದು. ಈ ಮೂರು ಹದ ಕೈಗೆ ಸಿಕ್ಕರೆ ಉಳಿದಿದ್ದೆಲ್ಲ ಅಳತೆಯ ಲೆಕ್ಕ, ಅಷ್ಟೆ.

ಮೆತ್ತಗೆ ಅಂದರೆ ಎಷ್ಟು ಮೆತ್ತಗೆ? ಬೆರಳಿನಿಂದ ಒತ್ತಿ ನೋಡಿ. ಗುಳಿ ಬೀಳಬೇಕು, ಆದರೆ ಬೆರಳು ಸರ್ರನೆ ಒಳಗೆ ಹೋಗಬಾರದು, ಮೇಲೆ ಎಣ್ಣೆಯ ಹೊಳಪೂ ಕಾಣಬಾರದು. ಡಿಗ್ರಿಯಲ್ಲಿ ಹೇಳುವುದಾದರೆ ಸುಮಾರು 18ರಿಂದ 20 ಸೆಲ್ಸಿಯಸ್. ಅವಸರಕ್ಕೆ ಮೈಕ್ರೋವೇವ್‌ನಲ್ಲಿಟ್ಟರೆ ಅಂಚು ಕರಗಿ ನಡು ಕಲ್ಲಿನ ಹಾಗೇ ಉಳಿಯುತ್ತದೆ. ಅದರ ಬದಲು ಸಣ್ಣ ಚೂರು ಮಾಡಿ ತಟ್ಟೆಯಲ್ಲಿ ಹರಡಿಡಿ, ಬೇಗ ಹದಕ್ಕೆ ಬರುತ್ತದೆ. ಉಪ್ಪಿಲ್ಲದ ಬೆಣ್ಣೆಯೇ ಒಳ್ಳೆಯದು. ಉಪ್ಪಿನದೇ ಇದ್ದರೆ ಕೇಕ್‌ಗೂ ಕುಕೀಸ್‌ಗೂ ನಡೆಯುತ್ತದೆ, ಮತ್ತೆ ಉಪ್ಪು ಹಾಕದಿದ್ದರಾಯಿತು. ಐಸಿಂಗ್‌ನಲ್ಲಿ ಮಾತ್ರ ಆ ಉಪ್ಪು ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆ ಬೇಡ, ಅದರಲ್ಲಿ ನೀರಿನಂಶ ಜಾಸ್ತಿ.

ಇನ್ನು ಕೆಲಸದ ಕ್ರಮ. ಮೊದಲು ಕುಕೀಸ್ ಹಿಟ್ಟು ಕಲಸಿ ಫ್ರಿಜ್‌ಗೆ ಸೇರಿಸಿ. ಅದು ತಣ್ಣಗಾಗುವಷ್ಟರಲ್ಲಿ ಕಪ್‌ಕೇಕ್ ಬೇಯಿಸಿ. ಆಮೇಲೆ ಬಿಸಿಯಾಗಿಯೇ ಇರುವ ಓವನ್‌ಗೆ ಕುಕೀಸ್. ಎರಡೂ ಆರುವ ಹೊತ್ತಿಗೆ ಐಸಿಂಗ್. ಹೀಗೆ ಮಾಡಿದರೆ ಓವನ್ ಸುಮ್ನೆ ಉರಿಯುವುದಿಲ್ಲ, ನೀವೂ ಸುಮ್ನೆ ಕಾಯುವುದಿಲ್ಲ.

ಕುಕೀಸ್ ಹಿಟ್ಟು

115 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಮಾಡಿದ ಸಕ್ಕರೆ, ಒಂದು ಮೊಟ್ಟೆಯ ಹಳದಿ, ಒಂದು ದೊಡ್ಡ ಚಮಚ ಹಾಲು, 190 ಗ್ರಾಂ ಮೈದಾ, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಸ್ವಲ್ಪ ವೆನಿಲ್ಲಾ ಎಸೆನ್ಸ್. ಮೊಟ್ಟೆ ಬೇಡದವರು ಹಳದಿಯ ಬದಲು ಇನ್ನೊಂದು ಚಮಚ ಹಾಲು ಹಾಕಿ.

ಬೆಣ್ಣೆ, ಸಕ್ಕರೆ ಒಂದಾಗುವವರೆಗೆ ಕಲಸಿದರೆ ಸಾಕು, ಜಾಸ್ತಿ ಬೀಟ್ ಮಾಡಬೇಡಿ. ಇಲ್ಲಿ ಗಾಳಿ ತುಂಬಿದಷ್ಟೂ ಕುಕೀಸ್ ಓವನ್‌ನಲ್ಲಿ ಉಬ್ಬಿ, ಕತ್ತರಿಸಿದ ಆಕಾರ ಕೆಡುತ್ತದೆ. ಹಳದಿ, ಹಾಲು, ಎಸೆನ್ಸ್ ಬೆರೆಸಿ, ಕೊನೆಗೆ ಮೈದಾ, ಬೇಕಿಂಗ್ ಪೌಡರ್, ಉಪ್ಪು ಸೇರಿಸಿ ಮುದ್ದೆ ಮಾಡಿ. ಈ ಮುದ್ದೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ಆಮೇಲೆ ಲಟ್ಟಿಸಲು ಜಗ್ಗಾಡಬೇಕಾಗುತ್ತದೆ. ಮೆತ್ತಗಿರುವಾಗಲೇ ಎರಡು ಬಟರ್ ಪೇಪರ್ ನಡುವೆ ಇಟ್ಟು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಪೇಪರ್ ಸಮೇತ ತಟ್ಟೆಯಲ್ಲಿಟ್ಟು ಒಂದು ಗಂಟೆ ಫ್ರಿಜ್‌ನಲ್ಲಿಡಿ. ಉದುರಿಸಲು ಬೇರೆ ಮೈದಾವೂ ಬೇಕಾಗುವುದಿಲ್ಲ.

ಕಪ್‌ಕೇಕ್

ಓವನ್ 175 ಡಿಗ್ರಿಗೆ ಹಾಕಿ, ಕನಿಷ್ಠ 15 ನಿಮಿಷ ಕಾಯಲಿ. ಮೈಕ್ರೋವೇವ್ ಇದ್ದವರು ಕನ್ವೆಕ್ಷನ್ ಮೋಡ್‌ನಲ್ಲೇ, ಅಂದರೆ ಬಿಸಿಗಾಳಿಯಿಂದ ಬೇಯಿಸುವ ಮೋಡ್‌ನಲ್ಲೇ ಮಾಡಬೇಕು.

12 ಕಪ್‌ಕೇಕ್‌ಗೆ 115 ಗ್ರಾಂ ಬೆಣ್ಣೆ, 150 ಗ್ರಾಂ ಸಕ್ಕರೆ, 2 ಮೊಟ್ಟೆ, 150 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 100 ಮಿಲಿಲೀಟರ್ ಹಾಲು, ಒಂದು ಟೀ ಚಮಚ ಎಸೆನ್ಸ್. ಮೊಟ್ಟೆ, ಹಾಲು ಮೊದಲೇ ಫ್ರಿಜ್‌ನಿಂದ ಹೊರಗಿರಲಿ.

ಕುಕೀಸ್‌ಗೆ ಏನು ಬೇಡ ಎಂದೆನೋ ಅದೇ ಇಲ್ಲಿ ಬೇಕು. ಬೆಣ್ಣೆ, ಸಕ್ಕರೆಯನ್ನು ಬೀಟರ್‌ನಲ್ಲಿ ಮೂರು, ನಾಲ್ಕು ನಿಮಿಷ ಚೆನ್ನಾಗಿ ಬೀಟ್ ಮಾಡಿ. ಹಳದಿ ಇದ್ದ ಬೆಣ್ಣೆ ಬಿಳುಚಿಕೊಳ್ಳುತ್ತದೆ, ಹಗುರಾಗುತ್ತದೆ, ಪಾತ್ರೆಯ ಬದಿಗೆ ನೊರೆಯಂತೆ ಅಂಟುತ್ತದೆ. ಸಕ್ಕರೆಯ ಹರಳು ಬೆಣ್ಣೆಯೊಳಗೆ ಗಾಳಿಯ ಗುಳ್ಳೆಗಳನ್ನು ಸೇರಿಸುವ ಹೊತ್ತು ಇದು. ಬೇಕಿಂಗ್ ಪೌಡರ್ ಆಮೇಲೆ ಈ ಗುಳ್ಳೆಗಳನ್ನೇ ದೊಡ್ಡದು ಮಾಡುವುದು, ಹಾಗಾಗಿ ಇಲ್ಲಿ ಸೋಮಾರಿತನ ಮಾಡಿದರೆ ಪೌಡರ್ ಎಷ್ಟು ಸುರಿದರೂ ಕೇಕ್ ಹಗುರಾಗುವುದಿಲ್ಲ. ಬೆಣ್ಣೆ ಕರಗಿದ್ದರೆ ಗಾಳಿ ನಿಲ್ಲುವುದಿಲ್ಲ, ಗಟ್ಟಿಯಿದ್ದರೆ ಒಳಗೆ ಹೋಗುವುದೇ ಇಲ್ಲ.

ಮೊಟ್ಟೆ ಒಂದೊಂದಾಗಿ ಹಾಕಿ, ಪ್ರತಿ ಸಲ ಬೀಟ್ ಮಾಡಿ. ಮಿಶ್ರಣ ಒಡೆದ ಹಾಲಿನ ಹಾಗೆ ಕಂಡರೆ ಗಾಬರಿ ಬೇಡ, ಮೊಟ್ಟೆ ತಣ್ಣಗಿತ್ತು ಅಂತ ಅರ್ಥ, ಒಂದು ಚಮಚ ಮೈದಾ ಹಾಕಿದರೆ ಕೂಡಿಕೊಳ್ಳುತ್ತದೆ. ಈಗ ಬೀಟರ್ ಪಕ್ಕಕ್ಕಿಡಿ. ಮೈದಾ, ಬೇಕಿಂಗ್ ಪೌಡರ್, ಉಪ್ಪು ಜರಡಿ ಹಿಡಿದು ಮೂರು ಸಲಕ್ಕೆ ಹಾಕಿ, ನಡುನಡುವೆ ಹಾಲು, ಎಸೆನ್ಸ್ ಸೇರಿಸುತ್ತಾ ಸ್ಪಾಚುಲಾದಲ್ಲಿ ಮಗುಚಿ. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ಮೈದಾ ಒದ್ದೆಯಾದ ಮೇಲೆ ತಿರುವಿದಷ್ಟೂ ಗ್ಲುಟೆನ್, ಅಂದರೆ ಹಿಟ್ಟನ್ನು ಜಿಗುಟಾಗಿಸುವ ಅಂಶ, ಬಲಿಯುತ್ತದೆ, ಚಪಾತಿಗೆ ಅದು ಬೇಕು, ಕೇಕ್‌ಗೆ ಬೇಡ. ಸಣ್ಣಪುಟ್ಟ ಗಂಟು ಉಳಿದರೆ ಉಳಿಯಲಿ ಬಿಡಿ.

ಮೊಟ್ಟೆ ಇಲ್ಲದೆ ಮಾಡುವವರು ಎರಡು ಮೊಟ್ಟೆಯ ಬದಲು ಅರ್ಧ ಕಪ್ ಗಟ್ಟಿ ಮೊಸರು ಹಾಕಿ, ಮೈದಾ ಜೊತೆ ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸಿ. ಹಾಲು ಸ್ವಲ್ಪ ತಡೆದು ಹಾಕಿ, ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕಿಂತ ತೆಳುವಾಗಬಾರದು.

ಪೇಪರ್ ಲೈನರ್‌ನಲ್ಲಿ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿಸಿ. ನಡುವಿನ ರ‍್ಯಾಕ್‌ನಲ್ಲಿ 18ರಿಂದ 20 ನಿಮಿಷ. ಮೊದಲ 15 ನಿಮಿಷ ಬಾಗಿಲು ತೆಗೆಯಬೇಡಿ, ಮಕ್ಕಳು ಎಷ್ಟೇ ಕಾಡಿದರೂ. ಟೂತ್‌ಪಿಕ್ ಚುಚ್ಚಿದಾಗ ಹಸಿ ಹಿಟ್ಟು ಅಂಟದಿದ್ದರೆ ಆಯಿತು. ಐದು ನಿಮಿಷ ಬಿಟ್ಟು ಟ್ರೇಯಿಂದ ತೆಗೆದು ಜಾಲರಿಯ ಮೇಲಿಡಿ. ಟ್ರೇಯಲ್ಲೇ ಬಿಟ್ಟರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ, ಪೇಪರ್ ಬಿಟ್ಟುಕೊಳ್ಳುತ್ತದೆ.

ಫ್ರಿಜ್‌ನಲ್ಲಿರುವ ಕುಕೀಸ್ ಹಾಳೆಯನ್ನು ಈಗ ತೆಗೆದು ಕಟರ್‌ನಿಂದ ಕತ್ತರಿಸಿ. ಕಟರ್ ಇಲ್ಲದಿದ್ದರೆ ಲೋಟದ ಬಾಯಿ ಇದೆಯಲ್ಲ. ತಣ್ಣಗಿನ ಬೆಣ್ಣೆ ಕರಗುವಷ್ಟರಲ್ಲಿ ಅಂಚು ಬೆಂದು ಗಟ್ಟಿಯಾಗಿರುತ್ತದೆ, ಅದಕ್ಕೇ ಕುಕೀಸ್ ಹರಡುವುದಿಲ್ಲ. ಟ್ರೇ ಕೂಡ ತಣ್ಣಗಿರಲಿ. ಅದೇ 175 ಡಿಗ್ರಿಯಲ್ಲಿ 10ರಿಂದ 12 ನಿಮಿಷ. ಅಂಚು ತುಸು ಬಂಗಾರದ ಬಣ್ಣಕ್ಕೆ ತಿರುಗಿದಾಗ ತೆಗೆದುಬಿಡಿ. ಮುಟ್ಟಿದರೆ ಮೆತ್ತಗಿರುತ್ತದೆ, ಇನ್ನೂ ಬೆಂದಿಲ್ಲವೇನೋ ಅನಿಸುತ್ತದೆ. ಆರಿದಾಗ ಗರಿಗರಿಯಾಗುತ್ತದೆ.

ಬಟರ್‌ಕ್ರೀಮ್

ಮೇಲೆ ಹೇಳಿದ ಐಸಿಂಗ್ ಇದೇ. 200 ಗ್ರಾಂ ಬೆಣ್ಣೆಗೆ 400 ಗ್ರಾಂ ಐಸಿಂಗ್ ಶುಗರ್, ಅಂದರೆ ತೂಕದಲ್ಲಿ ಒಂದಕ್ಕೆ ಎರಡು. ಜೊತೆಗೆ ಒಂದೆರಡು ಚಮಚ ಹಾಲು, ಎಸೆನ್ಸ್, ಚಿಟಿಕೆ ಉಪ್ಪು. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಇಲ್ಲಿ ನಡೆಯುವುದು ಕಷ್ಟ, ಎಷ್ಟು ತಿರುಗಿಸಿದರೂ ಹಲ್ಲಿಗೆ ಸಿಗುತ್ತದೆ. ಐಸಿಂಗ್ ಶುಗರ್ ಅದಕ್ಕಿಂತ ನುಣುಪು, ಗಂಟು ಕಟ್ಟದಂತೆ ಅದರಲ್ಲಿ ಸ್ವಲ್ಪ ಕಾರ್ನ್‌ಫ್ಲೋರ್ ಕೂಡ ಇರುತ್ತದೆ.

ಸಕ್ಕರೆ ಹಾಕುವ ಮೊದಲು ಬೆಣ್ಣೆಯೊಂದನ್ನೇ ಐದು ನಿಮಿಷ ಬೀಟ್ ಮಾಡಿ, ಹೆಚ್ಚುಕಡಿಮೆ ಬಿಳಿಯಾಗುವವರೆಗೆ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ, ಆಮೇಲೆ ಐಸಿಂಗ್ ಬರೀ ಬೆಣ್ಣೆ ತಿಂದ ಹಾಗಿದೆ ಅನ್ನುವುದೂ ಇದಕ್ಕೇ. ಐಸಿಂಗ್ ಶುಗರ್ ಜರಡಿ ಹಿಡಿದು ಮೂರು ಕಂತಿನಲ್ಲಿ ಹಾಕಿ, ಬೀಟರ್ ನಿಧಾನಕ್ಕಿರಲಿ, ಇಲ್ಲದಿದ್ದರೆ ಅಡುಗೆಮನೆ ತುಂಬ ಬಿಳಿ ಧೂಳು. ಉಪ್ಪು, ಎಸೆನ್ಸ್ ಹಾಕಿ, ಹಾಲು ಚಮಚ ಚಮಚವಾಗಿ ಸೇರಿಸಿ, ಎರಡು ನಿಮಿಷ ಜೋರಾಗಿ ಬೀಟ್ ಮಾಡಿ. ಕೊನೆಗೆ ಸ್ಪಾಚುಲಾದಲ್ಲಿ ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುವಿದರೆ ದೊಡ್ಡ ಗುಳ್ಳೆಗಳು ಒಡೆದು ನುಣ್ಣಗಾಗುತ್ತದೆ.

ಚಮಚದಲ್ಲಿ ತೆಗೆದು ತಲೆಕೆಳಗು ಹಿಡಿದರೆ ಬೀಳಬಾರದು, ತುದಿ ಸ್ವಲ್ಪ ಬಾಗಿದರೆ ಸರಿ. ತೀರಾ ಸಡಿಲವಾದರೆ ಇನ್ನಷ್ಟು ಸಕ್ಕರೆ ಸುರಿಯುವ ಮೊದಲು ಪಾತ್ರೆಯನ್ನು 10, 15 ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಬೀಟ್ ಮಾಡಿ ನೋಡಿ. ಬಹಳ ಸಲ ಬಿಸಿಯೇ ಕಾರಣ. ಒಡೆದು ಗಂಟುಗಂಟಾಗಿದ್ದರೆ ತಣ್ಣಗಿದೆ ಅಂತ ಲೆಕ್ಕ. ಪಾತ್ರೆಯ ತಳವನ್ನು ಬಿಸಿನೀರಿನಲ್ಲಿ ಕ್ಷಣಕಾಲ ಇಟ್ಟು ಬೀಟ್ ಮಾಡಿ. ಬಣ್ಣಕ್ಕೆ ಜೆಲ್ ಕಲರ್ ತಗೊಳ್ಳಿ, ನೀರಿನಂಥ ಬಣ್ಣ ಜಾಸ್ತಿ ಹಾಕಿದರೆ ಕ್ರೀಮ್ ಒಡೆಯುತ್ತದೆ. ಹೊತ್ತು ಹೋದಂತೆ ಬಣ್ಣ ಗಾಢವಾಗುವುದರಿಂದ ಒಂದು ಛಾಯೆ ಕಡಿಮೆಯಲ್ಲೇ ನಿಲ್ಲಿಸಿ.

ಪೈಪಿಂಗ್ ಬ್ಯಾಗ್‌ಗೆ ಸ್ಟಾರ್ ನಾಝಲ್ ಹಾಕಿ, ಬ್ಯಾಗನ್ನು ಉದ್ದ ಲೋಟದಲ್ಲಿ ನಿಲ್ಲಿಸಿ ಅರ್ಧ ಮಾತ್ರ ತುಂಬಿಸಿ. ಕಪ್‌ಕೇಕ್ ಪೂರ್ತಿ ಆರಿದೆಯಾ? ಅಂಗೈ ಮೇಲಿಟ್ಟು ತಳ ನೋಡಿ, ಉಗುರುಬೆಚ್ಚಗಿದ್ದರೂ ಬೇಡ. ಹೊರಗಿನ ಅಂಚಿನಿಂದ ಶುರುಮಾಡಿ ಒಳಗೆ ಸುತ್ತುತ್ತಾ ಮೇಲಕ್ಕೆ ಬನ್ನಿ, ಕೊನೆಯಲ್ಲಿ ಒತ್ತುವುದನ್ನು ನಿಲ್ಲಿಸಿ ಬ್ಯಾಗ್ ನೇರವಾಗಿ ಎತ್ತಿ. ಮೊದಲೆರಡನ್ನು ತಟ್ಟೆಯ ಮೇಲೇ ಹಾಕಿ ನೋಡಿ, ಸೊಟ್ಟಗಾದರೆ ಕೆರೆದು ಬ್ಯಾಗ್‌ಗೆ ವಾಪಸ್.

ಕುಕೀಸ್ ಮೇಲೆ ತೆಳ್ಳಗೆ ಸವರಿದರೆ ಸಾಕು. ಅರ್ಧ ಗಂಟೆ ಬಿಟ್ಟರೆ ಮೇಲ್ಪದರ ಸ್ವಲ್ಪ ಒಣಗುತ್ತದೆ, ಒಳಗೆ ಮೆತ್ತಗೇ ಇರುತ್ತದೆ, ಹಾಗಾಗಿ ಒಂದರ ಮೇಲೊಂದು ಪೇರಿಸುವ ಹಾಗಿಲ್ಲ. ಡಬ್ಬದಲ್ಲಿ ಒಯ್ಯಬೇಕಾದರೆ ಎರಡು ಕುಕೀಸ್ ನಡುವೆ ಕ್ರೀಮ್ ಇಟ್ಟು ಜೋಡಿಸುವುದೇ ವಾಸಿ. ಉಳಿದ ಬಟರ್‌ಕ್ರೀಮ್ ಮುಚ್ಚಿದ ಡಬ್ಬದಲ್ಲಿ ಫ್ರಿಜ್‌ನಲ್ಲಿ ಒಂದು ವಾರ ಕೆಡುವುದಿಲ್ಲ. ಫ್ರಿಜ್‌ನಲ್ಲಿಟ್ಟ ಕಪ್‌ಕೇಕನ್ನು ತಿನ್ನುವ ಮುಕ್ಕಾಲು ಗಂಟೆ ಮೊದಲೇ ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಕೇಕ್ ಒಣಕಲು, ಐಸಿಂಗ್ ಬೆಣ್ಣೆಗಟ್ಟಿ.