ಲೊಕೇಶನ್ ಕದಲಿಸಬೇಡಿ: ಮೈಸೂರಿನಲ್ಲಿ ಹೈಫನೆಟ್ ನೋಡ್ ಓಡಿಸಿದ ನನ್ನ ಅನುಭವ

ಹೈಫನೆಟ್ ಅಂದರೆ ಫೈಲುಗಳನ್ನು ತುಂಡು ಮಾಡಿ ಸೇರಿದವರ ಯಂತ್ರಗಳಲ್ಲೇ (ಅವೇ ನೋಡ್‌ಗಳು) ಹರಡಿ ಇಡುವ ಜಾಲ. ಕುವೆಂಪುನಗರದಲ್ಲಿ ನನ್ನ ಯಂತ್ರ ಆಫ್ ಇತ್ತು. ಆದರೂ ನಾನು ಹಾಕಿದ್ದ 40 ಎಂಬಿ ಚಿಲ್ಲರೆ ಆಡಿಯೊ ಮಂಡ್ಯದ ಗೆಳೆಯನಿಗೆ ಪೂರ್ತಿ ಇಳಿಯಿತು. ನಮ್ಮಿಬ್ಬರ ನೋಡ್‌ಗಳ ನಡುವೆ ನೇರ ಫ್ರೆಂಡ್ ಕನೆಕ್ಷನ್ ಕೂಡ ಇರಲಿಲ್ಲ. "ಫೈಲು ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲ, ಕೇಳೋದು ಯಾರನ್ನ?" ಅಂತ ನಗುತ್ತಿದ್ದವರು ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಫ್ರೀನೆಟ್ ಅಂತಿದ್ದದ್ದು 2023ರಲ್ಲಿ ಹೈಫನೆಟ್ ಆಯಿತಲ್ಲ, ಅದಕ್ಕೂ ಮುಂಚಿನಿಂದ ಇದರ ಹಿಂದೆ ಬಿದ್ದಿದ್ದೆ. ಮೊದಲು ಐದಾರು ಜನ ಸೇರಿ ಡಾರ್ಕ್‌ನೆಟ್, ಅಂದರೆ ಪರಿಚಯದವರ ನೋಡ್‌ಗಳನ್ನು ಮಾತ್ರ ಜೋಡಿಸಿದ ಜಾಲ, ಕಟ್ಟಿದೆವು. ಎಲ್ಲ ಸರಾಗವಾಗಿ ಸಿಗುತ್ತಿತ್ತು, ಆದರೆ ಏನೂ ಸಾಬೀತಾಗಲಿಲ್ಲ. ಎಚ್‌ಟಿಎಲ್ (ಒಂದು ಕೋರಿಕೆ ಎಷ್ಟು ನೋಡ್ ದಾಟಬಹುದು ಅನ್ನುವ ಮಿತಿ) 18 ಇರುವಾಗ ಆರು ನೋಡ್ ಸುತ್ತಲು ದಾರಿ ಹುಡುಕುವ ರೂಟಿಂಗೇ ಬೇಕಿಲ್ಲ, ಅಲ್ವಾ? ಆಮೇಲೆ ಅಪರಿಚಿತರ ನೋಡ್‌ಗಳಿಗೂ ಜೋಡಿಸುವ ಓಪನ್‌ನೆಟ್‌ಗೆ ಬಂದೆವು.

ದುಡ್ಡು ಕರಗಿದ್ದು ಇಲ್ಲೇ. ಇಂಟರ್ನೆಟ್ ಕೊಡುವವರು ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಐಪಿ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಕೂರಿಸಿದ್ದರು. ಸ್ಟಾಟಿಕ್ ಐಪಿಗೆ ವರ್ಷಕ್ಕೆ 2,000 ಮೇಲೆ. ಹಳೇ ಡೆಸ್ಕ್‌ಟಾಪ್ 6,000-7,000. ಕರೆಂಟು ಹೋದರೆ ನೋಡ್ ಮಲಗುತ್ತದೆ, ಅದಕ್ಕೆ ಯುಪಿಎಸ್ ಬೇರೆ, ಇನ್ನೊಂದು 4,000 ಇರಬೇಕು. ಮನೆಯಲ್ಲಿ ಅರ್ಧ ಲೆಕ್ಕವನ್ನೇ ಹೇಳಿದ್ದೇನೆ.

ಇಷ್ಟಾದರೂ ಮೊದಲ ಸಲ ಹಾಕಿದ ಫೈಲು ಇಳಿಸುವಾಗ ಶೇಕಡ 90ರ ಮೇಲೆ ಬಂದು ನಿಂತುಬಿಟ್ಟಿತು. ವಾರಗಟ್ಟಲೆ ಯಾರೂ ಕೇಳದ ಬ್ಲಾಕುಗಳನ್ನು ಹೊಸವು ತಳ್ಳಿಹಾಕಿದ್ದವು. ಒಂದು ಬ್ಲಾಕ್ 32 ಕೆಬಿ. ಅಂದರೆ ನನ್ನ ಫೈಲು ಸುಮಾರು 1,300 ತುಂಡು, ಕಳೆದ ತುಂಡನ್ನು ಮತ್ತೆ ಕಟ್ಟಲು ಇಡುವ ಚೆಕ್ ಬ್ಲಾಕ್ ಸೇರಿಸಿದರೆ ಹೆಚ್ಚುಕಡಿಮೆ ಎರಡರಷ್ಟು. ಪ್ರತಿ ತುಂಡಿನ ಕೀಗೂ (ಅದನ್ನು ಹುಡುಕುವ ಗುರುತು) 0ರಿಂದ 1ರ ಸುತ್ತಿನಲ್ಲಿ ಬೇರೆ ಬೇರೆ ಜಾಗ. ಪ್ರತಿ ನೋಡ್‌ಗೂ ಅದೇ ಸುತ್ತಿನಲ್ಲಿ ಒಂದು ಜಾಗ, ಅದೇ ಲೊಕೇಶನ್; ಕೋರಿಕೆ ಕೀಗೆ ಹತ್ತಿರದ ಲೊಕೇಶನ್ ಇರುವ ನೋಡ್ ಕಡೆಗೆ ಸಾಗುತ್ತದೆ.

ಈ ಸುತ್ತು ನಮ್ಮ ರಿಂಗ್ ರೋಡ್ ಇದ್ದ ಹಾಗೆ. 0.98ರಿಂದ 0.03ಕ್ಕೆ ದೂರ ಬರೀ 0.05. ಮಂಡ್ಯದ ಗೆಳೆಯ ಮತ್ತು ನಾನು ಇದರಲ್ಲಿ ಹೆಚ್ಚುಕಡಿಮೆ ಎದುರುಬದುರು ಇದ್ದೆವು. ನೆಲದ ಮೇಲಿನ ಹತ್ತಿರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅವನದು ಇನ್ನೊಂದು ಕಥೆ. ನಿಧಾನ ಅನ್ನಿಸಿದಾಗೆಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಿದ್ದ. ಪ್ರತಿ ಸಲ ಹೊಸ ಲೊಕೇಶನ್, ಖಾಲಿ ಸ್ಟೋರ್, ಹೊಸ ಪೀರ್‌ಗಳು (ನೇರ ಜೋಡಣೆ ಇರುವ ನೋಡ್‌ಗಳು). ಓಪನ್‌ನೆಟ್‌ನಲ್ಲಿ ಲೊಕೇಶನ್ ನಿಂತಲ್ಲೇ ನಿಲ್ಲುತ್ತದೆ, ಪಾತ್ ಫೋಲ್ಡಿಂಗ್‌ನಿಂದ (ಕೋರಿಕೆ ಯಶಸ್ವಿಯಾದ ದಾರಿಯಲ್ಲಿನ ನೋಡ್‌ಗಳು ನೇರವಾಗಿ ಜೋಡಿಕೊಳ್ಳುವುದು) ಪೀರ್‌ಗಳೇ ಬದಲಾಗುತ್ತಾ ಹತ್ತಿರದವರು ಬಂದು ಸೇರುತ್ತಾರೆ. ಅದಕ್ಕೆ ಟೈಮ್ ಕೊಡಬೇಕು. ಸ್ಟಾಟ್ಸ್ ಪುಟದಲ್ಲಿ ನನ್ನ ಸುತ್ತ ಗುಂಪು ಕಟ್ಟಿ, ದೂರಕ್ಕೆ ನಾಲ್ಕಾರು ಲಿಂಕ್ ಉಳಿದಾಗಲೇ ವೇಗ ಬಂದದ್ದು. ಕೈ ಕಟ್ಟಿಸಿ ಕೂರಿಸಿದ ಮೇಲೆ ಅವನ ನೋಡ್ ಕೂಡ ದಾರಿಗೆ ಬಂತು.

ಅಪ್‌ಲೋಡ್ ಮಿತಿ ಎಷ್ಟಿಟ್ಟರೆ ಪೀರ್‌ಗಳು ಬ್ಯಾಕ್‌ಆಫ್ ಆಗುವುದು (ಹೊರೆ ಹೆಚ್ಚಾಗಿ ಸ್ವಲ್ಪ ಹೊತ್ತು ಕೋರಿಕೆ ನಿಲ್ಲುವುದು) ಕಡಿಮೆಯಾಗುತ್ತದೆ ಅನ್ನುವ ಲೆಕ್ಕ ನನ್ನ ಹತ್ತಿರ ಇದೆ. ಸದ್ಯಕ್ಕೆ ಅದನ್ನು ಹೇಳುವುದಿಲ್ಲ.

ನಡುವೆ ಸುಮ್ನೆ ಕೆಎಸ್‌ಕೆ (ನಾವೇ ಇಟ್ಟ ಹೆಸರಿನಿಂದ ಹುಟ್ಟುವ ಕೀ) ಆಟವನ್ನೂ ಆಡಿದೆ. 'ರಾಗಿಮುದ್ದೆ', 'ರಾಗಿಮುದ್ದೆ1' ಅಂತ ಎರಡು ಕೀ. ಹೆಸರು ಅಕ್ಕಪಕ್ಕ ಇದ್ದರೂ ಹ್ಯಾಶ್ ಆದ (ಲೆಕ್ಕ ಹಾಕಿ ಅಂಕಿಯಾಗಿಸಿದ) ಮೇಲೆ ಸುತ್ತಿನಲ್ಲಿ ಎಲ್ಲೋ ಒಂದು, ಎಲ್ಲೋ ಒಂದು. ಹೆಸರು ಊಹಿಸಿದವರು ಯಾರು ಬೇಕಾದರೂ ಅದೇ ಕೀಗೆ ತಮ್ಮದನ್ನು ತುರುಕಬಹುದು. ಅದಕ್ಕೇ ಕೆಲಸದ ಫೈಲಿಗೆ ಸಿಎಚ್‌ಕೆ (ಫೈಲಿನಲ್ಲಿ ಇರುವುದರಿಂದಲೇ ಹುಟ್ಟುವ ಕೀ) ಬಿಟ್ಟು ಬೇರೆ ಬಳಸುತ್ತಿಲ್ಲ.