ಐದು ನಿಮಿಷದ ಭಾಷಣಕ್ಕೆ ಸಿದ್ಧತೆ

ನವೆಂಬರ್ 1ರ ಕಾರ್ಯಕ್ರಮದಲ್ಲಿ ಮೊದಲ ಬಾರಿಗೆ ಮಾತನಾಡಲಿರುವ ಬಳಗದ ಕಿರಿಯರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಭಾಷಣವನ್ನು ಪೂರ್ತಿಯಾಗಿ ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಮುಂದಿನದ್ದೆಲ್ಲ ಕೈತಪ್ಪುತ್ತದೆ. ನಮ್ಮ ಕಾಸರಗೋಡಿನ ಕುಂಬಳೆ ಸೀಮೆಯ ತಾಳಮದ್ದಳೆಯಲ್ಲಿ (ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ) ಭಾಗವತರು ಹಾಡುವ ಪದ್ಯವಷ್ಟೇ ನಿಶ್ಚಿತವಾಗಿದ್ದು, ಪಾತ್ರಗಳಾಗಿ ಮಾತನಾಡುವ ಅರ್ಥಧಾರಿಗಳು ಪ್ರಸಂಗದ ನಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನ್ನು ಅಲ್ಲಿಯೇ ಕಟ್ಟುತ್ತಾರೆ. ನೀವೂ ಹಾಗೆಯೇ ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿ, ನಡುವಿನ ಮೂರು ವಿಷಯಗಳನ್ನು ಅಂಗೈಯಗಲದ ಚೀಟಿಯಲ್ಲಿ ಒಂದೊಂದೇ ಪದವಾಗಿ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ವೇದಿಕೆಯಲ್ಲಿರುವ ಪ್ರತಿಯೊಬ್ಬರ ಹೆಸರು ಹೇಳುವುದರಲ್ಲಿಯೇ ಒಂದು ನಿಮಿಷ ಕಳೆಯುವುದು ನಮ್ಮಲ್ಲಿನ ದೊಡ್ಡ ದೋಷವೆಂಬುದು ನನ್ನ ಅಭಿಪ್ರಾಯ (ನಾನೂ ಹಾಗೆ ಕಳೆದವನೇ). “ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಬಂಧುಗಳೇ” ಎಂದರೆ ಸಾಕು. ಬಳಿಕ, ಉದಾಹರಣೆಗೆ ಗೋವಿಂದ ಪೈಗಳ ಕುರಿತು ಮಾತನಾಡುವುದಾದರೆ, “ಗೋವಿಂದ ಪೈಗಳು ಮಹಾನ್ ಕವಿಗಳು” ಎಂಬ ಸವೆದ ಮಾತಿಗೆ ಬದಲಾಗಿ, “1949ರಲ್ಲಿ ಮದ್ರಾಸ್ ಸರಕಾರವು ನಮ್ಮ ಮಂಜೇಶ್ವರದ ಕವಿಯೊಬ್ಬರಿಗೆ ರಾಷ್ಟ್ರಕವಿ ಬಿರುದು ನೀಡಿತು” ಎಂದು ನೇರವಾಗಿ ಆರಂಭಿಸಿದರೆ, ಮೊಬೈಲ್ ನೋಡುತ್ತಿರುವವರೂ ತಲೆಯೆತ್ತುತ್ತಾರೆ.

ಮನೆಯಲ್ಲಿ ಎದ್ದುನಿಂತು, ಗಟ್ಟಿಯಾಗಿ, ಗಡಿಯಾರ ನೋಡಿ ಮೂರು ಬಾರಿಯಾದರೂ ಹೇಳಿಕೊಳ್ಳಿ. ಒಮ್ಮೆ ಧ್ವನಿಮುದ್ರಿಸಿ ಕೇಳಿದರೆ “ಅಂದರೆ”, “ಮತ್ತೆ” ಎಂಬ ಅನಗತ್ಯ ಪದಗಳು ಎಷ್ಟು ನುಸುಳುತ್ತವೆಯೆಂದು ತಿಳಿಯುತ್ತದೆ. ಐದು ನಿಮಿಷದ ಅವಕಾಶಕ್ಕೆ ನಾಲ್ಕು ನಿಮಿಷದ ಮಾತನ್ನು ಸಿದ್ಧಪಡಿಸಿ. ಮೈಕ್ ಬಾಯಿಯಿಂದ ಸುಮಾರು ಒಂದು ಗೇಣು ದೂರವಿರಲಿ, ಅದನ್ನು ಬೆರಳಿನಿಂದ ಬಡಿದು ಪರೀಕ್ಷಿಸಬೇಡಿ. ಸಭೆಯಲ್ಲಿ ಕನ್ನಡ ಬಾರದ ಮಲಯಾಳಿ ಅತಿಥಿಗಳಿದ್ದರೆ ಅವರನ್ನು ಸ್ವಾಗತಿಸುವ ಒಂದು ವಾಕ್ಯವನ್ನು ಮಲಯಾಳದಲ್ಲಿ ಹೇಳಿ, ಉಳಿದುದನ್ನು ಕನ್ನಡದಲ್ಲಿಯೇ ಮುಂದುವರಿಸಿ.