9.8 ಬರಲೇಬೇಕಾ?

ಒಂದು ಮಧ್ಯಾಹ್ನ ಪ್ರಾಕ್ಟಿಕಲ್ ರೆಕಾರ್ಡ್ ತಿದ್ದುತ್ತಾ ಕೂತಿದ್ದೆ. ಸರಳ ಲೋಲಕದ ಪ್ರಯೋಗ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಲು ಬಿಟ್ಟು, ಸ್ಟಾಪ್‌ವಾಚ್ ಹಿಡಿದು, ಗುರುತ್ವದ ಜಿ ಬೆಲೆ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ಕಂಡುಹಿಡಿಯುವುದು. ಪುಸ್ತಕದಲ್ಲಿರುವ ಉತ್ತರ 9.8. ಫಿಸಿಕ್ಸ್ ಓದಿದ ಎಲ್ಲರೂ ಒಮ್ಮೆಯಾದರೂ ಮಾಡಿರುವಂಥದ್ದು. ಮೂವತ್ತನೇ ರೆಕಾರ್ಡ್ ಹೊತ್ತಿಗೆ ಏನೋ ಸರಿಯಿಲ್ಲ ಅನಿಸಿತು. 9.79, 9.81, 9.80, 9.78, 9.80. ಎಲ್ಲರದ್ದೂ ಹೀಗೇ.

ಇದು ಸಾಧ್ಯವೇ ಇಲ್ಲ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿಬರಲು ಹೆಚ್ಚುಕಡಿಮೆ 2 ಸೆಕೆಂಡ್ ಬೇಕು. 20 ಸಲಕ್ಕೆ 40 ಸೆಕೆಂಡ್. ಬೆರಳು ಗುಂಡಿ ಒತ್ತುವುದರಲ್ಲಿ 0.2 ಸೆಕೆಂಡ್ ಆಚೀಚೆ ಆಗಿಯೇ ಆಗುತ್ತದೆ, ಅಂದರೆ ಕಾಲದಲ್ಲಿ ಅರ್ಧ ಶೇಕಡಾ ತಪ್ಪು. ಸೂತ್ರದಲ್ಲಿ (ಜಿ = 4π² × ಉದ್ದ ÷ ಕಾಲದ ವರ್ಗ) ಕಾಲದ ವರ್ಗ ಇರುವುದರಿಂದ ಜಿ ಬೆಲೆಯಲ್ಲಿ ಆ ತಪ್ಪು ಒಂದು ಶೇಕಡಾ ಆಗುತ್ತದೆ. ಹಾಗಾದರೆ ಅರವತ್ತು ಮಕ್ಕಳ ಉತ್ತರ 9.7ರಿಂದ 9.9ರವರೆಗೆ ಚೆದುರಿರಬೇಕಿತ್ತು. ಕೆಲವರದ್ದು ಅದಕ್ಕಿಂತ ಆಚೆಗೂ ಹೋಗಬೇಕಿತ್ತು.

ಮರುದಿನ ಲ್ಯಾಬ್‌ನಲ್ಲಿ ಒಬ್ಬನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. ಅವನು ಮುಚ್ಚಿಡಲಿಲ್ಲ. "ಸರ್, ಮೊದಲು 9.4 ಬಂತು. ಆಮೇಲೆ ಎರಡು ರೀಡಿಂಗ್ ಬದಲಾಯಿಸಿದೆ. ಉತ್ತರ ತಪ್ಪಾದ್ರೆ ಮಾರ್ಕ್ಸ್ ಹೋಗುತ್ತಲ್ವಾ?"

ಹೋಗುತ್ತಿತ್ತು. ಆ ಮಾರ್ಕ್ಸ್ ಕಳೆಯುತ್ತಿದ್ದವನು ನಾನೇ. "ಫಲಿತಾಂಶ: 2 ಅಂಕ" ಅಂತ ವರ್ಷಗಟ್ಟಲೆ ಹಾಕಿಕೊಂಡು ಬಂದಿದ್ದೆ. ನಾನು ವಿದ್ಯಾರ್ಥಿಯಾಗಿದ್ದಾಗಲೂ ಒಂದು ರೀಡಿಂಗ್ ಅಳಿಸಿ 'ಸರಿ' ಮಾಡಿದ್ದು ನೆನಪಾಯಿತು. ಯಾರೂ ಹಿಡಿಯಲಿಲ್ಲ, ಪೂರ್ತಿ ಅಂಕ ಬಂತು. ಆ ಪ್ರಯೋಗದಿಂದ ನಾನು ಕಲಿತದ್ದು ಏನೂ ಇಲ್ಲ.

ಇದು ಮಕ್ಕಳಲ್ಲಿ ಮಾತ್ರ ಇರುವ ದೌರ್ಬಲ್ಯ ಅಂದುಕೊಳ್ಳಬಾರದು. ಅಮೆರಿಕದ ಭೌತವಿಜ್ಞಾನಿ ಮಿಲಿಕನ್ ಎಣ್ಣೆ ಹನಿಗಳನ್ನು ತೇಲಿಸಿ ಎಲೆಕ್ಟ್ರಾನಿನ ವಿದ್ಯುದಾವೇಶ ಅಳೆದು 1913ರಲ್ಲಿ ಪ್ರಕಟಿಸಿದ. ಅದ್ಭುತವಾದ ಕೆಲಸ. ಆದರೆ ಗಾಳಿಯ ಸ್ನಿಗ್ಧತೆಗೆ (ಹನಿಯ ಚಲನೆಗೆ ಗಾಳಿ ಒಡ್ಡುವ ತಡೆ ಇದರ ಮೇಲೆ ನಿಂತಿದೆ) ಅವನು ಬಳಸಿದ ಬೆಲೆ ಸ್ವಲ್ಪ ತಪ್ಪಿತ್ತು, ಹಾಗಾಗಿ ಅವನ ಉತ್ತರ ಇವತ್ತಿನ ಬೆಲೆಗಿಂತ ಒಂದು ಶೇಕಡಾಕ್ಕೂ ಕಡಿಮೆ ಅಂತರದಲ್ಲಿ ಕೆಳಗಿತ್ತು. ಮುಂದೆ ಅಳೆದವರ ಬೆಲೆಗಳು ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಬರಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಮೇಲೇರಿದವು ಅಂತ ಭೌತವಿಜ್ಞಾನಿ ಫೈನ್‌ಮನ್ 1974ರ ಒಂದು ಭಾಷಣದಲ್ಲಿ ಹೇಳಿದ್ದಾರೆ. ಮಿಲಿಕನ್ ಬೆಲೆಗಿಂತ ತುಂಬಾ ಜಾಸ್ತಿ ಬಂದರೆ ಎಲ್ಲಿ ತಪ್ಪಾಯಿತು ಅಂತ ಹುಡುಕುತ್ತಿದ್ದರು, ಹತ್ತಿರ ಬಂದರೆ ಅಷ್ಟು ಹುಡುಕುತ್ತಿರಲಿಲ್ಲ ಅನ್ನುವುದು ಅವರ ವಿವರಣೆ. ಯಾರೂ ಬೇಕಂತಲೇ ಸುಳ್ಳು ಬರೆಯಲಿಲ್ಲ. ಎಲ್ಲಿ ಹುಡುಕಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಹಳೆಯ ಉತ್ತರವೇ ನಿರ್ಧರಿಸಿಬಿಟ್ಟಿತ್ತು.

ಹಾಗಾದರೆ ಗೊತ್ತಿರುವ ಉತ್ತರವನ್ನು ಮರೆಸುವುದು ಹೇಗೆ? 9.8 ಅನ್ನುವುದು ಹೈಸ್ಕೂಲಿನಿಂದಲೇ ತಲೆಯಲ್ಲಿ ಕೂತಿರುತ್ತದೆ. ದಾರಿ ಸಿಕ್ಕಿದ್ದು ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಮ್ಯುವಾನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಅದಕ್ಕಿಂತ ಭಾರದ ಕಣ) ಪ್ರಯೋಗದ ಬಗ್ಗೆ ಓದುವಾಗ. ಅವರ ಗಡಿಯಾರದ ನಿಖರ ವೇಗವನ್ನು ಬೇಕಂತಲೇ ಗುಟ್ಟಾಗಿಟ್ಟಿದ್ದರು, ಅದಿಲ್ಲದೆ ಕೊನೆಯ ಉತ್ತರ ತಿಳಿಯುವ ಹಾಗಿರಲಿಲ್ಲ. ಆ ಸಂಖ್ಯೆ ಲಕೋಟೆಯೊಳಗೆ ಇತ್ತು, ತಂಡದ ಹೊರಗಿನವರಿಗೆ ಮಾತ್ರ ಗೊತ್ತಿತ್ತು. ಲೆಕ್ಕವೆಲ್ಲ ಮುಗಿದು, ಇನ್ನು ಏನನ್ನೂ ಬದಲಾಯಿಸುವುದಿಲ್ಲ ಅಂತ ಎಲ್ಲರೂ ಒಪ್ಪಿದ ಮೇಲೆ, 2021ರಲ್ಲಿ ಲಕೋಟೆ ತೆರೆದು ಮೊದಲ ಫಲಿತಾಂಶ ಹೇಳಿದರು. ಇದನ್ನು ನಮ್ಮ ದಾರ ಮತ್ತು ಗುಂಡಿಗೂ ಮಾಡಬಹುದಲ್ವಾ ಅನಿಸಿತು.

ಲೋಲಕದಲ್ಲಿ ಅಳೆಯುವುದು ಎರಡೇ, ಉದ್ದ ಮತ್ತು ಕಾಲ. ಸ್ಟಾಪ್‌ವಾಚ್ ತಿರುಚುವುದು ಕಷ್ಟ, ಸ್ಕೇಲ್ ತಿರುಚುವುದು ಸುಲಭ. ಕಂಪ್ಯೂಟರ್‌ನಲ್ಲಿ ಒಂದು ಮೀಟರ್ ಉದ್ದದ ಸ್ಕೇಲ್ ಬರೆದು ಅದನ್ನು 104 ಶೇಕಡಾಕ್ಕೆ ಹಿಗ್ಗಿಸಿ ಪ್ರಿಂಟ್ ಹಾಕಿದೆ. ಈ ಸ್ಕೇಲಿನಲ್ಲಿ ಒಂದು ಸೆಂಟಿಮೀಟರ್ ಅನ್ನುವುದು ನಿಜಕ್ಕೂ 1.04 ಸೆಂಟಿಮೀಟರ್. ಇದರಲ್ಲಿ ಅಳೆದರೆ ಜಿ 9.8 ಬರುವುದಿಲ್ಲ, 9.42ರ ಹತ್ತಿರ ಬರುತ್ತದೆ. ಇನ್ನೊಂದು ಗುಂಪಿಗೆ 96 ಶೇಕಡಾಕ್ಕೆ ಕುಗ್ಗಿಸಿದ ಸ್ಕೇಲ್, ಅವರಿಗೆ 10.2 ಬರಬೇಕು. ಒಂದೊಂದು ಗುಂಪಿಗೂ ಬೇರೆ ಬೇರೆ ಸ್ಕೇಲ್. ಎಷ್ಟು ಹಿಗ್ಗಿಸಿದ್ದೇನೆ ಅನ್ನುವುದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಗುಂಪಿನ ಸಂಖ್ಯೆ ಬರೆದು ಮೇಜಿನ ಮೇಲೆ ಎಲ್ಲರ ಕಣ್ಣೆದುರೇ ಇಟ್ಟೆ.

ಕೇಳಲು ಸುಲಭ, ಆದರೆ ಮೊದಲ ಸಲ ಕೆಟ್ಟಿತು. ಆಗ ಬರೀ ಒಂದು ಶೇಕಡಾ ಹಿಗ್ಗಿಸಿದ್ದೆ. ಅಷ್ಟು ವ್ಯತ್ಯಾಸ ಬೆರಳಿನ ತಪ್ಪಿನಲ್ಲೇ ಮುಳುಗಿಹೋಗುತ್ತದೆ, ಹಾಗಾಗಿ 9.8ಕ್ಕೆ ಎಳೆದು ತಂದವರಿಗೂ ನಡೆದುಹೋಯಿತು. ಈಗ ಮೂರರಿಂದ ಎಂಟು ಶೇಕಡಾದೊಳಗೆ ಇಡುತ್ತೇನೆ. ಪ್ರಿಂಟರ್ ಅನ್ನೂ ನಂಬಬಾರದು. 104 ಅಂತ ಕೊಟ್ಟರೆ ನಮ್ಮದು 103.6 ಹಾಕುತ್ತಿತ್ತು. ಎ4 ಹಾಳೆ ಅಂಟಿಸಿದ ಜಾಗದಲ್ಲಿ ಅರ್ಧ ಮಿಲಿಮೀಟರ್ ಸರಿಯುತ್ತಿತ್ತು. ಹಾಗಾಗಿ ಪ್ರತಿ ಸ್ಕೇಲನ್ನೂ ಮರದ ಪಟ್ಟಿಗೆ ಅಂಟಿಸಿ, ಒಣಗಿದ ಮೇಲೆ ಸ್ಟೀಲ್ ಸ್ಕೇಲಿನಿಂದ ಅಳೆದು, ಆ ಅಳತೆಯನ್ನೇ ಚೀಟಿಯಲ್ಲಿ ಬರೆಯುತ್ತೇನೆ.

ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪ ತೆಗೆದರು. "ಮಕ್ಕಳ ಕೈಗೆ ಸುಳ್ಳು ಸ್ಕೇಲ್ ಕೊಡೋದು ಎಷ್ಟು ಸರಿ?" ಒಳ್ಳೆಯ ಪ್ರಶ್ನೆ. ಎರಡು ದಿನ ಅದೇ ತಲೆಯಲ್ಲಿತ್ತು. ಕೊನೆಗೆ, ಗುಟ್ಟಾಗಿ ಕೊಟ್ಟರೆ ಅದು ಮೋಸ, ಹೇಳಿಯೇ ಕೊಟ್ಟರೆ ಅಲ್ಲ ಅಂತ ತೀರ್ಮಾನಕ್ಕೆ ಬಂದೆ. ಈಗ ಶುರುವಿನಲ್ಲೇ ಹೇಳಿಬಿಡುತ್ತೇನೆ: "ನಿಮ್ಮ ಕೈಯಲ್ಲಿರುವ ಸ್ಕೇಲ್ ತಪ್ಪು. ಎಷ್ಟು ತಪ್ಪು ಅಂತ ಲಕೋಟೆ ಒಳಗಿದೆ. ನಿಮಗೆ ಬರಬೇಕಾದ ಉತ್ತರ ಏನು ಅಂತ ನಿಮಗೆ ಗೊತ್ತಿಲ್ಲ, ಪಕ್ಕದ ಗುಂಪಿಗೂ ಗೊತ್ತಿಲ್ಲ." ಇಷ್ಟು ಹೇಳಿದ ಕೂಡಲೇ ಲ್ಯಾಬ್ ಸದ್ದಿಲ್ಲದೆ ಆಗುತ್ತದೆ. ಅಕ್ಕಪಕ್ಕ ನೋಡಿ ಬರೆಯುವುದಕ್ಕೆ ಅಲ್ಲಿ ಏನೂ ಇಲ್ಲ.

ಇನ್ನೊಂದು ತೊಂದರೆ ಸಮಯದ್ದು. ಒಂದು ಪ್ರಾಕ್ಟಿಕಲ್‌ನಲ್ಲಿ ಮುಗಿಯುತ್ತಿದ್ದದ್ದು ಈಗ ಎರಡು ತೆಗೆದುಕೊಳ್ಳುತ್ತದೆ. ಅದಕ್ಕಾಗಿ ಬೇರೊಂದು ಪ್ರಯೋಗ ಬಿಡಬೇಕಾಯಿತು. ಬಿಟ್ಟೆ, ಬೇಸರ ಇಲ್ಲ.

ಅಂಕ ಕೊಡುವ ರೀತಿಯನ್ನೂ ಬದಲಿಸಿದೆ. ಫಲಿತಾಂಶಕ್ಕೆ ಸೊನ್ನೆ ಅಂಕ. ರೀಡಿಂಗ್ ಎಲ್ಲ ಪೆನ್ನಿನಲ್ಲೇ ಬರೆಯಬೇಕು. ತಪ್ಪಾಗಿದ್ದರೆ ಒಂದು ಗೆರೆ ಎಳೆದು, ಯಾಕೆ ಹೊಡೆದುಹಾಕಿದೆ ಅಂತ ಪಕ್ಕದಲ್ಲಿ ಬರೆಯಬೇಕು. ಲಕೋಟೆ ತೆರೆಯುವ ಮೊದಲು ಪ್ರತಿ ಗುಂಪೂ ತಮ್ಮ ಬೆಲೆ ಮತ್ತು ಎಷ್ಟು ಆಚೀಚೆ ಇರಬಹುದು ಅನ್ನುವುದನ್ನು ಬೋರ್ಡ್ ಮೇಲೆ ಬರೆಯಬೇಕು. ಬರೆದ ಮೇಲೆ ಬದಲಾಯಿಸುವ ಹಾಗಿಲ್ಲ.

ಒಬ್ಬ ಹುಡುಗಿಯ ಗ್ರಾಫ್ ಬಗ್ಗೆ ಹೇಳಲೇಬೇಕು. 40 ಸೆಂಟಿಮೀಟರ್‌ನಿಂದ 100ರವರೆಗೆ ಏಳು ಉದ್ದ, ಒಂದೊಂದಕ್ಕೂ 50 ಆಂದೋಲನ (ಒಮ್ಮೆ ಹೋಗಿಬಂದರೆ ಒಂದು ಆಂದೋಲನ). ಉದ್ದ ಅಡ್ಡಕ್ಕೆ, ಕಾಲದ ವರ್ಗ ಮೇಲಕ್ಕೆ. ಸೂತ್ರದ ಪ್ರಕಾರ ಗೆರೆ ಸೊನ್ನೆಯಿಂದ ಹೊರಡಬೇಕು. ಅವಳು ಪೆನ್ಸಿಲ್‌ನಿಂದ ಸೊನ್ನೆ ಮೂಲಕ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ.

"ಯಾಕಮ್ಮ ಅಳಿಸ್ತಿದ್ದೀಯ?"

"ಕೂರ್ತಿಲ್ಲ ಸರ್. ಸಣ್ಣ ಉದ್ದದ ಬಿಂದುಗಳೆಲ್ಲ ಗೆರೆಯ ಕೆಳಗೆ, ಉದ್ದದ್ದೆಲ್ಲ ಮೇಲೆ."

ವ್ಯತ್ಯಾಸ ಗ್ರಾಫ್ ಹಾಳೆಯ ಮೇಲೆ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಹಿಂದಿನ ವರ್ಷವಾಗಿದ್ದರೆ ಪೆನ್ಸಿಲ್ ಮೊನೆ ಸ್ವಲ್ಪ ದಪ್ಪ ಮಾಡಿಕೊಂಡರೆ ಮುಗಿಯುತ್ತಿತ್ತು. ಸೊನ್ನೆಯನ್ನು ಮರೆತು ಬಿಂದುಗಳು ಹೇಳಿದ ಹಾಗೆ ಗೆರೆ ಎಳಿ ಅಂದೆ. ಎಳೆದಳು. ಏಳೂ ಬಿಂದುಗಳು ಗೆರೆಯ ಮೇಲೆ ಕೂತವು. ಆದರೆ ಆ ಗೆರೆ ಸೊನ್ನೆಗೆ ಬರದೆ ಅಡ್ಡ ಅಕ್ಷವನ್ನು ಸುಮಾರು ಒಂದೂಕಾಲು ಸೆಂಟಿಮೀಟರ್ ಹತ್ತಿರ ಮುಟ್ಟಿತು. ಅವಳು ಅದನ್ನೇ ನೋಡುತ್ತಾ ಕೂತಳು. ಅಂದರೆ ಇಲ್ಲದ ಒಂದೂಕಾಲು ಸೆಂಟಿಮೀಟರ್ ಉದ್ದ ಎಲ್ಲ ಅಳತೆಗೂ ಸೇರಿಕೊಂಡಿದೆ. ಎಲ್ಲಿಂದ ಬಂತು? ಎದ್ದು ಲೋಲಕದ ಹತ್ತಿರ ಹೋದಳು. ಗುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು. ಆಮೇಲೆ ಸಣ್ಣ ಅಳತೆ ನಿಖರವಾಗಿ ತೆಗೆಯುವ ವರ್ನಿಯರ್ ಕ್ಯಾಲಿಪರ್ ಕೇಳಿದಳು. ಗುಂಡಿನ ವ್ಯಾಸ 2.54 ಸೆಂಟಿಮೀಟರ್. ಅರ್ಧ ಮಾಡಿದರೆ 1.27.

ಅವಳು ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯುವ ಬದಲು ತಳದವರೆಗೆ ಅಳೆದಿದ್ದಳು. ಅದನ್ನು ಹಿಡಿದುಕೊಟ್ಟದ್ದು ಗ್ರಾಫ್. ನೋಡಿ, ಒತ್ತಾಯ ಮಾಡದ ಗೆರೆಯಲ್ಲಿ ಗುಂಡಿನ ಅಳತೆಯೇ ಅಡಗಿತ್ತು! ಇಷ್ಟು ವರ್ಷ ಈ ಪ್ರಯೋಗ ಮಾಡಿಸಿದ್ದರೂ ಇದು ಕಣ್ಣೆದುರು ನಡೆದದ್ದನ್ನು ನಾನು ನೋಡಿದ್ದು ಅವತ್ತೇ. ಇನ್ನೂ ಚಂದದ ವಿಷಯ ಅಂದರೆ, ಈ ತಪ್ಪು ಗೆರೆಯನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಅದರ ಓರೆಯನ್ನು ಬದಲಾಯಿಸುವುದಿಲ್ಲ, ಜಿ ಬರುವುದು ಓರೆಯಿಂದ, ಹಾಗಾಗಿ ಅವಳ ಉತ್ತರ ಕೆಡಲೂ ಇಲ್ಲ. ಬೋರ್ಡ್ ಮೇಲೆ 9.44, ಆಚೀಚೆ 0.1 ಅಂತ ಬರೆದಳು. ಬರೆಯುವಾಗ ಕೈ ಸ್ವಲ್ಪ ನಡುಗುತ್ತಿತ್ತು. ಲಕೋಟೆಯಲ್ಲಿದ್ದದ್ದು 1.04, ಅಂದರೆ ಬರಬೇಕಾದದ್ದು 9.42.

ಅವತ್ತು ಎಂಟು ಗುಂಪುಗಳಲ್ಲಿ ಆರರದ್ದು ಅವರೇ ಹೇಳಿದ ಮಿತಿಯೊಳಗೆ ಬಂತು. ಉಳಿದ ಎರಡರಲ್ಲಿ ಒಂದರ ಉತ್ತರ ಹತ್ತು ಶೇಕಡಾಕ್ಕೂ ಜಾಸ್ತಿ ಮೇಲಿತ್ತು. ಅವರು 20 ಆಂದೋಲನ ಮಾತ್ರ ಎಣಿಸಿದ್ದರು, ಅದೂ ವಾಚ್ ಒತ್ತುವಾಗ "ಸೊನ್ನೆ" ಅನ್ನದೆ "ಒಂದು" ಅಂತ ಶುರುಮಾಡಿದ್ದರು. ಹಾಗಾಗಿ ಎಣಿಸಿದ್ದು 20, ನಡೆದದ್ದು 19. ಇನ್ನೊಂದು ಗುಂಪಿನವರು ಕಾರಣ ಸಿಗದೆ ಸಂಜೆಯವರೆಗೂ ಉಳಿದರು. ತೂಗುವ ಕೋನ ಹತ್ತು ಡಿಗ್ರಿಯೊಳಗೇ ಇತ್ತು, ಅದರಿಂದ ಕಾಲದಲ್ಲಿ ಆಗುವ ತಪ್ಪು 0.2 ಶೇಕಡಾ ಅಷ್ಟೇ. ಎಣಿಕೆ ಸರಿಯಿತ್ತು. ಕೊನೆಗೆ ದಾರವನ್ನು ಮತ್ತೆ ಅಳೆದರೆ ಆರು ಮಿಲಿಮೀಟರ್ ಉದ್ದವಾಗಿತ್ತು. ಸೀಳಿದ ಬಿರಡೆಯ ನಡುವೆ ದಾರ ಸಡಿಲವಾಗಿ, ತೂಗುತ್ತಾ ತೂಗುತ್ತಾ ಕೆಳಗೆ ಜಾರಿತ್ತು. ಅಂದಿನಿಂದ ಪ್ರಯೋಗಕ್ಕೆ ಮೊದಲೂ ಆಮೇಲೂ ಉದ್ದ ಅಳೆಯಬೇಕು ಅನ್ನುವುದು ನಮ್ಮ ಲ್ಯಾಬಿನ ನಿಯಮ.

ಮುಂದಿನ ವಾರ ಕ್ಲಾಸ್‌ನಲ್ಲಿ ಅವರಿಗೆ ಫ್ರಾನ್ಸಿನ ಖಗೋಳ ವಿಜ್ಞಾನಿ ರಿಶೇರ್ ಕಥೆ ಹೇಳಿದೆ. 1672ರಲ್ಲಿ ಅವನು ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದಲ್ಲಿ ಸಮಭಾಜಕಕ್ಕೆ ಹತ್ತಿರದ ಕಯೆನ್‌ಗೆ ಲೋಲಕದ ಗಡಿಯಾರ ತೆಗೆದುಕೊಂಡು ಹೋಗಿದ್ದ. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿದೆ ಅಂತ ಸುಮ್ನೆ ತಿದ್ದಿಬಿಡಬಹುದಿತ್ತು. ಅವನು ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದು ಬರೆದಿಟ್ಟ. ಅಲ್ಲಿ ಗುರುತ್ವ ಸ್ವಲ್ಪ ಕಡಿಮೆ, ಅದಕ್ಕೇ ಲೋಲಕ ನಿಧಾನವಾಗಿತ್ತು. ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಭೂಮಿ ಸಮಭಾಜಕದ ಹತ್ತಿರ ಉಬ್ಬಿದೆ ಅಂತ ವಾದಿಸುವಾಗ ಆ ಅಳತೆಯನ್ನು ಬಳಸಿಕೊಂಡ. ಇದನ್ನು ನಾನು ಹಿಂದೆಯೂ ಎಷ್ಟೋ ಸಲ ಹೇಳಿದ್ದೇನೆ, ಆಗ ಮಕ್ಕಳು ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಈ ಸಲ ದಾರ ಜಾರಿದ ಗುಂಪಿನ ಹುಡುಗನೊಬ್ಬ ಕೈ ಎತ್ತಿ ಕೇಳಿದ: "ಸರ್, ಅವನ ದಾರ ಜಾರಿರಲಿಲ್ಲ ಅಂತ ಅವನಿಗೆ ಹೇಗೆ ಗೊತ್ತಾಯ್ತು?" ಪಾಠ ಅಲ್ಲಿಗೆ ನಿಂತಿತು, ಉಳಿದ ಇಪ್ಪತ್ತು ನಿಮಿಷ ಅದೇ ಚರ್ಚೆ.

ಸ್ಕೇಲ್ ಪರೀಕ್ಷೆ ಮಾಡಿದ ಒಬ್ಬ ಹುಡುಗನೂ ಇದ್ದ. ತನ್ನ ಬಾಕ್ಸ್‌ನಲ್ಲಿದ್ದ 15 ಸೆಂಟಿಮೀಟರ್ ಸ್ಕೇಲನ್ನು ನನ್ನ ಕಾಗದದ ಸ್ಕೇಲಿನ ಪಕ್ಕ ಇಟ್ಟು ಎಷ್ಟು ಹಿಗ್ಗಿದೆ ಅಂತ ಕಂಡುಹಿಡಿದುಬಿಟ್ಟ. ಬೈಯಲಿಲ್ಲ. ಕೈಗೆ ಬಂದ ಉಪಕರಣವನ್ನು ಪರೀಕ್ಷಿಸಿ ನೋಡುವುದು ಒಳ್ಳೆಯ ಬುದ್ಧಿ. ಮುಂದಿನ ಬ್ಯಾಚ್‌ಗೆ ಸ್ಕೇಲ್ ಮಾಡುವ ಕೆಲಸ ಅವನಿಗೇ ವಹಿಸಿದೆ. ಅವನು ಒಪ್ಪಿಕೊಂಡ, ಆದರೆ ಒಂದು ಷರತ್ತು ಹಾಕಿದ. "ಈ ಸಲ ನೀವೂ ಮಾಡಬೇಕು ಸರ್. ನಿಮಗೂ ಒಂದು ಸ್ಕೇಲ್ ಕೊಡ್ತೀನಿ."

ಕೊಟ್ಟ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಅಳೆದೆ. ಏಳು ಬಿಂದುಗಳಲ್ಲಿ ಆರು ಚೆನ್ನಾಗಿ ಕೂತವು, 60 ಸೆಂಟಿಮೀಟರ್‌ನದ್ದು ಮಾತ್ರ ಗೆರೆಯಿಂದ ಸ್ವಲ್ಪ ದೂರ ಉಳಿಯಿತು. ಕಾರಣ ಹುಡುಕಿದೆ, ಸಿಗಲಿಲ್ಲ. ಅದನ್ನು ಬಿಟ್ಟುಬಿಡೋಣ ಅಂತ ಕೈ ಎಷ್ಟು ಎಳೆಯಿತು ಅಂದರೆ, ಪೆನ್ ಕೆಳಗಿಟ್ಟು ಎದ್ದು ಓಡಾಡಿ ಬಂದೆ. ಆ ಬಿಂದುವನ್ನು ಹಾಗೇ ಇಟ್ಟಿದ್ದೇನೆ. ಅದನ್ನೂ ಸೇರಿಸಿ ನನ್ನ ಬೆಲೆ 10.31, ಆಚೀಚೆ 0.08. ಬೋರ್ಡ್ ಮೇಲೆ ಬರೆದು ಬಂದಿದ್ದೇನೆ. ಲಕೋಟೆ ಅವನ ಹತ್ತಿರ ಇದೆ, ನಾಳೆ ಹತ್ತು ಗಂಟೆಗೆ ತೆರೆಯುತ್ತಾನೆ.